ಠರಾವಿನಲ್ಲಿ ಕಾರಣ ಏನಂತ ಬರೀಲಿ?

ಮುಖ್ಯ ಅಡುಗೆಯವರು ಬದಲಾದ ಮೇಲೆ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಣ್ಣುವ ಮಕ್ಕಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದರು. ಹಾಜರಿ ಮಾತ್ರ ಇಳಿಯಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ನಿಲ್ಲುತ್ತಿದ್ದರು. ಮಧ್ಯಾಹ್ನ ತಟ್ಟೆ ಹಿಡಿದು ಕೂತವರಲ್ಲಿ ಮೇಲಿನ ಓಣಿಯ, ಅಂದರೆ ಮೇಲ್ಜಾತಿಯವರ ಓಣಿಯ, ಮಕ್ಕಳು ಇರುತ್ತಿರಲಿಲ್ಲ. ಹಾಜರಿ ಪುಸ್ತಕಕ್ಕೂ ಊಟದ ಲೆಕ್ಕಕ್ಕೂ ನಡುವೆ ಬಿದ್ದ ಈ ಅಂತರವೇ ಇಲ್ಲಿನ ಪ್ರಕರಣ.

ಶಾಲೆ ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಕಡೆಯದು. ಊರಿನ ಹೆಸರು ಬರೆಯುತ್ತಿಲ್ಲ. ಯಾರ ಗುರುತೂ ಸಿಗಬಾರದು ಅಂತ ಒಂದಕ್ಕಿಂತ ಹೆಚ್ಚು ಊರಲ್ಲಿ ಆದದ್ದನ್ನು ಕೂಡಿಸಿ ಒಂದೇ ಊರು ಮಾಡಿದ್ದೇನೆ. ಮಕ್ಕಳ ಸಂಖ್ಯೆಯನ್ನೂ ಲೆಕ್ಕಕ್ಕೆ ಸುಲಭವಾಗಲಿ ಅಂತ 140 ಅಂತ ಇಟ್ಟಿದ್ದೇನೆ. ನಮ್ಮ ಭಾಗದ ಮಾಸ್ತರರಿಗೆ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ. ನನಗೆ ಆಸಕ್ತಿ ಇರುವುದು ಇಂಥದ್ದು ನಡೆಯುತ್ತದೆ ಅನ್ನುವುದರಲ್ಲಿ ಅಲ್ಲ. ಇದು ತಪ್ಪು ಅಂತ ಗೊತ್ತಿದ್ದ ಜನ ಊರಲ್ಲಿ ಬೇಕಾದಷ್ಟಿದ್ದರು. ಅವರಲ್ಲಿ ಯಾರು ಏನು ಮಾಡಿದರು, ಯಾರು ಏನು ಮಾಡಲಿಲ್ಲ ಅನ್ನುವುದರಲ್ಲಿ.

ಹಿನ್ನೆಲೆ

ಬಿಸಿಯೂಟ ನಮಗೆ ಹೊಸದಲ್ಲ. ರಾಜ್ಯದಲ್ಲಿ ಅಕ್ಷರ ದಾಸೋಹ ಅನ್ನುವ ಈ ಬಿಸಿಯೂಟ ಯೋಜನೆ 2002ರಲ್ಲಿ ಮೊದಲು ಶುರುವಾದದ್ದೇ ಉತ್ತರದ ಏಳು ಜಿಲ್ಲೆಗಳಲ್ಲಿ. ಕಲಬುರಗಿ, ಬೀದರ್ ಎರಡೂ ಅದರಲ್ಲಿದ್ದವು. ಆಗ ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಅದಕ್ಕೂ ಮೊದಲು, 2001ರ ನವೆಂಬರ್ 28ರಂದು, ಮಕ್ಕಳಿಗೆ ಬರೀ ಅಕ್ಕಿ ಕೊಟ್ಟು ಕಳಿಸಬೇಡಿ, ಬೇಯಿಸಿದ ಊಟ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. 2004ರ ಏಪ್ರಿಲ್ 20ರ ಆದೇಶದಲ್ಲಿ ಇನ್ನೊಂದು ಮಾತು ಸೇರಿತು. ಅಡುಗೆಯವರನ್ನು, ಸಹಾಯಕರನ್ನು ತಗೊಳ್ಳುವಾಗ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ. ಹಳ್ಳಿ ಶಾಲೆಯ ಒಲೆ ಮುಂದೆ ಯಾರು ಕೂರುತ್ತಾರೆ ಅನ್ನುವುದು ದೇಶದ ದೊಡ್ಡ ಕೋರ್ಟಿಗೂ ಮುಖ್ಯವಾದ ಪ್ರಶ್ನೆಯೇ ಆಗಿತ್ತು.

ಈ ಶಾಲೆಯಲ್ಲಿ ಒಂದರಿಂದ ಏಳನೆಯ ತರಗತಿವರೆಗೆ 140 ಮಕ್ಕಳು. ಒಂದರಿಂದ ಐದರವರೆಗಿನ 100 ಮಕ್ಕಳಿಗೆ ತಲೆಗೆ 100 ಗ್ರಾಂ ಅಕ್ಕಿ, ಆರು ಮತ್ತು ಏಳರ 40 ಮಕ್ಕಳಿಗೆ 150 ಗ್ರಾಂ. ಎಲ್ಲರೂ ಉಂಡರೆ ದಿನಕ್ಕೆ 16 ಕೆಜಿ ಅಕ್ಕಿ ಬೇಯಬೇಕು. ಮುಖ್ಯ ಅಡುಗೆಯವರಿಗೆ ವಯಸ್ಸಾಯಿತು, ಬಿಟ್ಟರು. ಅವರ ಕೈಕೆಳಗೆ ವರ್ಷಗಟ್ಟಲೆ ಸಹಾಯಕಿಯಾಗಿದ್ದ ಅಕ್ಕ ಅವರ ಜಾಗಕ್ಕೆ ಬಂದರು. ತಿಂಗಳಿಗೆ 3,600 ಇದ್ದ ಪಗಾರ ಆಗಿನ ದರದಲ್ಲಿ 3,700 ಆಯಿತು. ನೂರು ರೂಪಾಯಿ ಬಡ್ತಿ.

ಆ ಅಕ್ಕ ದಲಿತ ಕೇರಿಯವರು. ಅಷ್ಟು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದ್ದು ಅವರೇ, ಅಕ್ಕಿ ತೊಳೆದದ್ದು ಅವರೇ, ಬದನೆಕಾಯಿ ಹೆಚ್ಚಿದ್ದು ಅವರೇ, ಉಂಡ ತಟ್ಟೆ ತಿಕ್ಕಿದ್ದೂ ಅವರೇ. ಆಗ ಯಾರ ಹೊಟ್ಟೆಗೂ ಏನೂ ಆಗಿರಲಿಲ್ಲ. ಸೌಟು ಕೈಗೆ ಬಂದಾಗ ಆಯಿತು.

ಯಾರೂ ಜಾತಿ ಅನ್ನಲಿಲ್ಲ

ಇದು ಇಂಥ ಪ್ರಕರಣಗಳ ಮೊದಲ ಲಕ್ಷಣ. ಹೆಡ್ ಮಾಸ್ತರರು ಮೇಲಿನ ಓಣಿಗೆ ಹೋಗಿ ಮನೆಮನೆಗೂ ವಿಚಾರಿಸಿದರು. ಒಬ್ಬರು, "ಹುಡುಗಿಗಿ ಹೊಟ್ಟಿ ನೋವ್ ಬರ್ತದ್ರಿ ಸರ" ಅಂದರು. ಇನ್ನೊಬ್ಬರು, "ಅಕಿ ಸಾರಿಗಿ ಉಪ್ಪು ಭಾಳ ಹಾಕ್ತಾಳಂತ್ರಿ." ಮತ್ತೊಂದು ಮನೆಯಲ್ಲಿ, "ನಮ್ ಹುಡುಗಗ ರೊಟ್ಟಿ ಬೇಕ್ರಿ, ಅನ್ನ ಸೇರಂಗಿಲ್ಲ." ಹಿಂದಿನ ತಿಂಗಳ ತನಕ ಅದೇ ಹುಡುಗ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

ಮಕ್ಕಳ ಚೀಲದಲ್ಲಿ ಡಬ್ಬಿ ಬರತೊಡಗಿತು. ಕೆಲವರು ಬೆಳಗಿನ ಹಾಲನ್ನೂ ಬಿಟ್ಟರು. ಒಂದು ವಿಚಿತ್ರ ಹೇಳಲೇಬೇಕು. ತತ್ತಿ ಕೊಡುವ ದಿನ ಕೈಚಾಚುವ ಮಕ್ಕಳು ಜಾಸ್ತಿಯಾಗುತ್ತಿದ್ದರು. 2021ರ ಡಿಸೆಂಬರಿನಲ್ಲಿ ಶಾಲೆಯಲ್ಲಿ ತತ್ತಿ ಕೊಡುವುದನ್ನು ಸರ್ಕಾರ ಶುರು ಮಾಡಿದಾಗಲೂ ನಮ್ಮ ಜಿಲ್ಲೆಗಳೇ ಮೊದಲಿದ್ದವು. ತತ್ತಿ ತಿನ್ನದವರಿಗೆ ಬಾಳೆಹಣ್ಣು. ಅನ್ನ ಬಿಟ್ಟ ಮಕ್ಕಳೂ ಬಾಳೆಹಣ್ಣಿಗೆ ಬಂದು ನಿಲ್ಲುತ್ತಿದ್ದರು. ಕೊಡುವ ಕೈ ಅದೇ ಅಕ್ಕನದು. ಆದರೆ ತತ್ತಿಗೂ ಬಾಳೆಹಣ್ಣಿಗೂ ಸಿಪ್ಪೆ ಇರುತ್ತದೆ ಅಲ್ವಾ? ಸಿಪ್ಪೆ ಸುಲಿದರೆ ಮೈಲಿಗೆ ಹೋಯಿತು. ಏಳು ವರ್ಷದ ಮಗುವಿಗೆ ಈ ಲೆಕ್ಕ ತಾನಾಗಿ ತಿಳಿಯುವುದಿಲ್ಲ. ಮನೆಯಲ್ಲಿ ಯಾರೋ ಕೂರಿಸಿ ಹೇಳಿಕೊಟ್ಟಿರಬೇಕು.

ಹೆಡ್ ಮಾಸ್ತರರ ಮುಂದೆ ಒಂದು ಸುಲಭದ ದಾರಿ ಇತ್ತು. ಹಾಜರಿ ಎಷ್ಟೋ ಅಷ್ಟೇ ಊಟ ಅಂತ ಬರೆದುಬಿಡುವುದು. ಮೇಲಿನವರು ಕೇಳುವುದಿಲ್ಲ, ಊರಲ್ಲಿ ಗದ್ದಲ ಇಲ್ಲ. ಅವರು ಹಾಗೆ ಮಾಡಲಿಲ್ಲ. ಉಂಡವರೆಷ್ಟೋ ಅಷ್ಟೇ ಬರೆದರು. 16 ಕೆಜಿ ಬೇಯಬೇಕಾದ ಕಡೆ 9 ಕೆಜಿ. ದಾಸ್ತಾನು ಕೋಣೆಯಲ್ಲಿ ಅಕ್ಕಿ ಉಳಿಯಿತು, ತಾಲೂಕಿನ ಅಕ್ಷರ ದಾಸೋಹ ಕಚೇರಿಯಿಂದ ಯಾಕೆ ಅಂತ ಫೋನ್ ಬಂತು. ಈ ಪ್ರಕರಣದಲ್ಲಿ ಸರಿ ಕಂಡದ್ದನ್ನು ಮಾಡಿದ ಮೊದಲ ಮನುಷ್ಯ ಇವರೇ ಅಂತ ನನ್ನ ಅನಿಸಿಕೆ. ಮಾಡಿದ್ದು ಇಷ್ಟೇ, ಸುಳ್ಳು ಅಂಕಿ ಬರೆಯಲಿಲ್ಲ. ಅವರು ಸುಳ್ಳು ಬರೆದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ, ಯಾಕೆಂದರೆ ಕಾಗದದ ಮೇಲೆ ಸಮಸ್ಯೆಯೇ ಇರುತ್ತಿರಲಿಲ್ಲ.

ಅವರನ್ನು ಹೊಗಳುವಾಗ ಇನ್ನೊಂದನ್ನೂ ಹೇಳಬೇಕು. ಮೂರು ತಿಂಗಳು ಅವರು ಸಭೆ ಕರೆಯಲಿಲ್ಲ. ತಾವೂ ಮಕ್ಕಳ ಜೊತೆ ಕೂತು ಉಣ್ಣುತ್ತಿದ್ದರು, ನಿಜ. ಇಬ್ಬರು ಸಹಶಿಕ್ಷಕರು ಡಬ್ಬಿ ತರುತ್ತಿದ್ದರು. ಕೇಳಿದರೆ ಶುಗರ್ ಅನ್ನುತ್ತಿದ್ದರು. ಹೆಡ್ ಮಾಸ್ತರರು ಅದನ್ನು ಕಂಡೂ ಕಾಣದಂತೆ ಇದ್ದರು.

ಕೇಸು ಹಾಕಬಹುದಿತ್ತಲ್ಲ?

ಈ ಪ್ರಕರಣವನ್ನು ಎಲ್ಲಿ ಹೇಳಿದರೂ ಈ ಪ್ರಶ್ನೆ ಬರುತ್ತದೆ. ಹಾಕಬಹುದಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1955ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ, ಅದರಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಪರಾಧ. ದೂರು ದಾಖಲಾದರೆ ತನಿಖೆಯನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿಯೇ ಮಾಡಬೇಕು.

ಕೇರಿಯ ಹುಡುಗರು ಅಕ್ಕನಿಗೆ ಅದನ್ನೇ ಹೇಳಿದರು. ಅಕ್ಕ ಒಪ್ಪಲಿಲ್ಲ. ಅವರ ಲೆಕ್ಕ ಬೇರೆ ಇತ್ತು. ಶಾಲೆಯ 3,700ರಲ್ಲಿ ಮನೆ ನಡೆಯುತ್ತಿರಲಿಲ್ಲ, ಅದೂ ತಿಂಗಳ ತಿಂಗಳ ಬರುತ್ತಿರಲಿಲ್ಲ. ಅವರ ಮಗಳು, ಸೊಸೆ ಇಬ್ಬರೂ ತೊಗರಿ ಹೊಲದ ಕಸ ತೆಗೆಯಲು, ಹತ್ತಿ ಬಿಡಿಸಲು ಹೋಗುವುದು ಮೇಲಿನ ಓಣಿಯವರ ಹೊಲಕ್ಕೇ. "ಕೇಸ್ ಹಾಕಿದ್ರ ಅವ್ರು ಸಾಲಿಯಾಗ ಉಣ್ತಾರೇನೋ. ಹೊಲಕ್ಕ ಕರೀತಾರೇನ್ರಿ?" ಅಂದರು. ಇದಕ್ಕೆ ಉತ್ತರ ಹುಡುಗರ ಹತ್ತಿರ ಇರಲಿಲ್ಲ. ನಮ್ಮ ಹತ್ತಿರವೂ ಇಲ್ಲ.

ಅನ್ಯಾಯ ಆದವರೇ ಹೋರಾಡಲಿ ಅನ್ನುವ ಮಾತಿಗೆ ಇಲ್ಲಿ ಅರ್ಥ ಉಳಿಯುವುದಿಲ್ಲ. ಅಕ್ಕ ಮಾಡಬೇಕಾದದ್ದನ್ನು ದಿನಾ ಮಾಡುತ್ತಿದ್ದರು. ಅರ್ಧ ಮಕ್ಕಳು ಬರುವುದಿಲ್ಲ ಅಂತ ಗೊತ್ತಿದ್ದೂ ಹತ್ತೂವರೆಗೆ ಒಲೆ ಹಚ್ಚುತ್ತಿದ್ದರು. ಉಳಿದ ಭಾರ ಬೇರೆಯವರದ್ದು. ತಪ್ಪು ಅಂತ ಗೊತ್ತಿದ್ದವರದ್ದು, ಮತ್ತೆ ಅದನ್ನು ಹೇಳಿದರೆ ಕೂಲಿ ಕಳಕೊಳ್ಳುವ ಭಯ ಇಲ್ಲದವರದ್ದು.

ಅಂಥವರು ಇರಲಿಲ್ಲವೇ? ಇದ್ದರು. ಕಲಬುರಗಿಯಲ್ಲಿ ಓದುವ ಮೇಲಿನ ಓಣಿಯ ಒಬ್ಬ ಹುಡುಗ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಜಾತಿಪದ್ಧತಿಗೆ ಧಿಕ್ಕಾರ ಹಾಕಿದ. ಕೆಂಪು ಅಕ್ಷರದಲ್ಲಿ. ಅವನ ಅಣ್ಣನ ಮಗಳು ಅದೇ ಶಾಲೆಯಲ್ಲಿ ಮೂರನೆಯ ತರಗತಿ, ಡಬ್ಬಿ ತರುತ್ತಿದ್ದಳು. ಅತ್ತಿಗೆಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಸವ ಜಯಂತಿ ದಿನ ಅಗಸಿಯ ಹತ್ತಿರ ವಚನ ಹೇಳಿ ಚಪ್ಪಾಳೆ ಗಿಟ್ಟಿಸುವ ಹಿರಿಯರೂ ಇದ್ದರು. ಬಸವಕಲ್ಯಾಣ ಇಲ್ಲಿಂದ ದೂರವೇನಲ್ಲ. ಆದರೂ ದೂರ.

ರುಚಿ ರಿಜಿಸ್ಟರ್

ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಬೇಕು, ಅದಕ್ಕೊಂದು ಪುಸ್ತಕ ಇಡಬೇಕು. ಮಕ್ಕಳ ತಾಯಂದಿರೂ ಬಂದು ನೋಡಲಿ ಅಂತ ಯೋಜನೆಯೇ ಹೇಳುತ್ತದೆ. ಹೆಚ್ಚಿನ ಶಾಲೆಗಳಲ್ಲಿ ಆ ಪುಸ್ತಕದ ತುಂಬ 'ಊಟ ಚೆನ್ನಾಗಿದೆ' ಅನ್ನುವ ಒಂದೇ ಸಾಲು, ಒಂದೇ ಪೆನ್ನು, ಒಂದೇ ಕೈಬರಹ. ಯಾರೂ ಓದದ ಪುಸ್ತಕ ಅದು.

ಮೇಲಿನ ಓಣಿಯ ದೊಡ್ಡ ಮನೆಯ ಸೊಸೆ ಒಂದು ದಿನ ಶಾಲೆಗೆ ಬಂದರು. ಪಿಯುಸಿ ಓದಿದವರು, ಎರಡು ಮಕ್ಕಳು ಅಲ್ಲೇ ಓದುತ್ತಿದ್ದರು. ಮಗ ಎರಡನೆಯ ತರಗತಿ, ಮಗಳು ಐದನೆಯದು. "ರುಚಿ ನೋಡ್ಲಿಕ್ಕ ತಾಯಂದಿರು ಬರ್ಬಹುದು ಅಂತ ಅದ ಅಲ್ರಿ ಸರ?" ಅಂತ ಕೇಳಿದರು. ಅದ ಅಂದರು ಹೆಡ್ ಮಾಸ್ತರರು. ಸೊಸೆ ಸೆರಗು ತಲೆ ಮೇಲೆ ಎಳಕೊಂಡು ಮಕ್ಕಳ ಸಾಲಿನಲ್ಲಿ ಕೂತರು. ಅಕ್ಕ ಒಂದು ಕ್ಷಣ ಸೌಟು ಹಿಡಿದು ನಿಂತರಂತೆ, ಬಡಿಸಬೇಕೋ ಬೇಡವೋ ಅಂತ. "ಹಾಕ್ರಿ ಅಕ್ಕಾ, ಹೊತ್ತಾಗ್ಲತ್ತದ" ಅಂದ ಮೇಲೆ ಬಡಿಸಿದರು. ಅನ್ನ, ತೊಗರಿಬೇಳೆ ಸಾರು. ಪೂರ್ತಿ ಉಂಡು, ತಟ್ಟೆ ತಾವೇ ತೊಳೆದಿಟ್ಟು, ರಿಜಿಸ್ಟರ್ ಕೇಳಿ ತಗೊಂಡರು.

ಅದರಲ್ಲಿ ಬರೆದದ್ದು ಇದು: 'ಸಾರಿಗೆ ಉಪ್ಪು ಕಮ್ಮಿ. ಬೇಳೆ ಚೆನ್ನಾಗಿ ಬೆಂದಿದೆ.' ಕೆಳಗೆ ಸಹಿ, ತಾರೀಖು.

ಈ ಒಂದು ಸಾಲಿನ ಮೇಲೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಅವರು 'ನಾವೆಲ್ಲ ಒಂದೇ' ಅಂತ ಬರೆಯಲಿಲ್ಲ. 'ತುಂಬಾ ಚೆನ್ನಾಗಿದೆ' ಅಂತ ಉಪಕಾರದ ಮಾತೂ ಬರೆಯಲಿಲ್ಲ. ಅಡುಗೆಯವರ ಅಡುಗೆಯನ್ನು ಅಡುಗೆ ಅಂತಲೇ ನೋಡಿದರು. ಮರುದಿನ ಅಕ್ಕ ಉಪ್ಪು ಸರಿ ಹಾಕಿದರು. ಮತ್ತೆ, ಉಪ್ಪು ಭಾಳ ಅನ್ನುತ್ತಿದ್ದ ಮನೆಗಳಿಗೆ ಈಗ ಆ ನೆಪ ಉಳಿಯಲಿಲ್ಲ, ಕಮ್ಮಿ ಅಂತ ಅವರದೇ ಓಣಿಯವರು ಬರೆದು ಸಹಿ ಹಾಕಿದ್ದರು.

ವಾರಕ್ಕೆ ಎರಡು ಮೂರು ದಿನ ಅವರು ಬರತೊಡಗಿದರು. ಮನೆಯಲ್ಲಿ ಏನಾಯಿತು? ಅತ್ತೆ ಅವರ ಕೈಯಿಂದ ನೀರು ತಗೊಳ್ಳುವುದು ಬಿಟ್ಟರು. ಶಾಲೆಗೆ ಹೋಗಿಬಂದ ದಿನ ಸ್ನಾನ ಮಾಡದೆ ಅಡುಗೆಮನೆಗೆ ಬರಬಾರದು ಅಂತಾಯಿತು. ಮಾಡಿದರು. ಗಂಡನಿಗೆ ಕಟ್ಟೆ ಮೇಲೆ ನಾಲ್ಕು ಜನ ಚುಚ್ಚಿದರು. ಅವರು ಮನೆಗೆ ಬಂದು ಬೈಯಲಿಲ್ಲ, ಹೆಂಡತಿ ಪರ ನಿಲ್ಲಲೂ ಇಲ್ಲ. "ನಾ ಏನೂ ಹೇಳಂಗಿಲ್ಲ" ಅಂದರಂತೆ. ನೀರು ತುಂಬುವ ಕಡೆ ಹೆಂಗಸರ ಮಾತು ಕಮ್ಮಿಯಾಯಿತು.

ಮಗ ಅವ್ವನ ಪಕ್ಕ ಕೂತು ಉಂಡ. ಮಗಳು ಒಲ್ಲೆ ಅಂದಳು. ಗೆಳತಿಯರು ಬೇರೆ ಕೂರಿಸುತ್ತಾರೆ ಅನ್ನುವ ಅಳುಕು. ಸೊಸೆ ಬಲವಂತ ಮಾಡಲಿಲ್ಲ, ಮಗಳಿಗೆ ಡಬ್ಬಿ ಕಟ್ಟುತ್ತಲೇ ಇದ್ದರು. ಕೆಲವರಿಗೆ ಇದು ಅರ್ಧ ಮನಸ್ಸಿನ ಕೆಲಸ ಅನಿಸುತ್ತದೆ. ಈ ಪ್ರಕರಣ ಹೇಳಿದ ಒಂದು ಶಿಕ್ಷಕರ ತರಬೇತಿಯಲ್ಲಿ ಒಬ್ಬ ಮಾಸ್ತರರು ಎದ್ದು ನಿಂತು, ಮೊದಲು ಸ್ವಂತ ಮಗಳನ್ನು ಉಣ್ಣಿಸಬೇಕಿತ್ತು ಅಂತ ವಾದ ಮಾಡಿದ್ದುಂಟು. ನಾನು ಒಪ್ಪುವುದಿಲ್ಲ. ದೊಡ್ಡವರ ನಿಲುವಿಗೆ ಮಕ್ಕಳು ಬೆಲೆ ತೆರಬೇಕಾದದ್ದು ಈ ಊರಿನ ರೋಗವೇ ಆಗಿತ್ತು. ಡಬ್ಬಿ ಕಟ್ಟಿದವರೂ ಮಕ್ಕಳ ಕೈಯಲ್ಲೇ ತಮ್ಮ ನಿಲುವು ಕೊಟ್ಟು ಕಳಿಸಿದ್ದರು. ಸೊಸೆ ತಮ್ಮದನ್ನು ತಾವೇ ಹೊತ್ತರು.

ಇದೇ ಹೊತ್ತಿಗೆ ನನಗೆ ನೆನಪಾಗುವುದು ಮಹಾರಾಷ್ಟ್ರದ ಮಹಾಡದ ಕೆರೆ. ಅಲ್ಲಿನ ಪುರಸಭೆ ಕೆರೆಯ ನೀರು ಎಲ್ಲರಿಗೂ ಮುಕ್ತ ಅಂತ 1924ರಲ್ಲೇ ಠರಾವು ಮಾಡಿತ್ತು. ಕಾಗದದಲ್ಲಿ ಮುಕ್ತ, ದಂಡೆಯಲ್ಲಿ ಅಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿಯಬೇಕಾಯಿತು. ಅಲ್ಲಿ ಹಕ್ಕು ಇದ್ದವರೇ ಅದನ್ನು ಚಲಾಯಿಸಿದರು, ಏಟೂ ತಿಂದರು. ಈ ಶಾಲೆಯಲ್ಲಿ ಆದದ್ದು ಬಹಳ ಚಿಕ್ಕದು, ಅದರ ಪಕ್ಕ ಇಡುವಂಥದ್ದಲ್ಲ. ಆದರೂ ಒಂದು ಸಂಗತಿ ಎರಡೂ ಕಡೆ ಇದೆ. ನಿಯಮ ಮೊದಲೇ ಇತ್ತು. ಯಾರೋ ಹೋಗಿ ಬಳಸುವ ತನಕ ಅದು ಇದ್ದೂ ಇಲ್ಲದಂತಿತ್ತು.

ಸಭೆ

ಕೊನೆಗೆ ಎಸ್‌ಡಿಎಂಸಿ ಸಭೆ ಸೇರಿತು. ಅಧ್ಯಕ್ಷರು ಕೆಟ್ಟ ಮನುಷ್ಯರಲ್ಲ. ಶಾಲೆಗೆ ಕಂಪೌಂಡ್ ಆಗಬೇಕು ಅಂತ ಓಡಾಡಿದವರು. ಅವರು ತಂದದ್ದು ಒಂದು ಹೊಂದಾಣಿಕೆ. "ಅಕಿ ಹೊರಗಿನ ಕೆಲಸ ಮಾಡ್ಲಿ. ಒಲಿ ಮುಂದ ಬ್ಯಾರೆಯವರ್ನ ಇಡೋಣು. ಪಗಾರ ಅಷ್ಟೇ ಕೊಡೋಣು. ಯಾರಿಗೂ ನೋವಾಗಬಾರ್ದು ನೋಡ್ರಿ."

ತುಂಬ ಜನ ತಲೆಯಾಡಿಸಿದರು. ಕೇರಿಯ ಕಡೆಯ ಇಬ್ಬರು ಸದಸ್ಯರೂ ಸುಮ್ನೆ ಕೂತಿದ್ದರು, ಪಗಾರ ಉಳಿಯುತ್ತದಲ್ಲ ಅಂತ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅಪಾಯದ ಗಳಿಗೆ ಇದೇ. ಡಬ್ಬಿ ತರುವುದನ್ನು ಇವತ್ತಲ್ಲ ನಾಳೆ ಮಕ್ಕಳು ಬಿಡಬಹುದು. ಈ ಹೊಂದಾಣಿಕೆ ಆಗಿದ್ದರೆ ಬಹಿಷ್ಕಾರ ಶಾಲೆಯ ಪದ್ಧತಿಯೇ ಆಗಿಬಿಡುತ್ತಿತ್ತು, ಅದೂ ಎಲ್ಲರ ಒಪ್ಪಿಗೆಯಿಂದ.

ಸೊಸೆ ಸಮಿತಿಯ ಸದಸ್ಯರಲ್ಲ. ಪಾಲಕರ ಸಾಲಿನಲ್ಲಿ ಹಿಂದೆ ಕೂತಿದ್ದರು. "ಯಾರಿಗೂ ಅಂದ್ರ ಯಾರಿಗ್ರಿ ಮಾವ?" ಅಂತ ಕೇಳಿದರು. ಅಧ್ಯಕ್ಷರು ಉತ್ತರ ಕೊಡಲಿಲ್ಲ. ಹೆಣ್ಣುಮಗಳು ನಡುವೆ ಮಾತಾಡಿದ್ದು ಕೆಲವರಿಗೆ ಸೇರಲಿಲ್ಲ, ಗುಸುಗುಸು ಎದ್ದಿತು.

ಆಗ ಹೆಡ್ ಮಾಸ್ತರರು ನಡಾವಳಿ ಪುಸ್ತಕ ಬಿಚ್ಚಿದರು. "ಆಯ್ತ್ರಿ. ಎಲ್ಲರೂ ಹೇಳ್ಲತ್ತೀರಿ ಅಂದ್ರ ಠರಾವು ಬರೀತೀನಿ. ಮುಖ್ಯ ಅಡುಗೆಯವ್ರನ್ನ ಅಡುಗೆಯಿಂದ ಬಿಡಿಸಬೇಕು, ಕಾರಣ..." ಅಂತ ಬರೆದು, ಪೆನ್ನು ಎತ್ತಿ ಕೇಳಿದರು, "ಕಾರಣ ಏನಂತ ಬರೀಲ್ರಿ?"

ಯಾರೂ ಹೇಳಲಿಲ್ಲ. ಉಪ್ಪು ಅನ್ನುವ ಹಾಗಿಲ್ಲ, ರಿಜಿಸ್ಟರ್ ಅಲ್ಲೇ ಮೇಜಿನ ಮೇಲಿತ್ತು. ಹೊಟ್ಟೆನೋವು ಅನ್ನೋಣ ಅಂದರೆ ದಿನಾ ಉಣ್ಣುವ ಮಕ್ಕಳಿಗೆ, ಸೊಸೆಗೆ, ಹೆಡ್ ಮಾಸ್ತರರಿಗೆ ಏನೂ ಆಗಿಲ್ಲ. ನಿಜವಾದ ಕಾರಣ ಬರೆದರೆ ಅದರ ಕೆಳಗೆ ಸಹಿ ಹಾಕಬೇಕು. ಹಾಕಿದವರ ಹೆಸರು ನೇರ ಪೊಲೀಸ್ ಠಾಣೆಗೆ. ಯಾರೋ ಒಬ್ಬರು, "ಹಂಗೇ ಬರೀರಲ್ರಿ, ಆಡಳಿತ ಕಾರಣಕ್ಕ ಅಂತ" ಅಂದರು. "ಯಾವ ಆಡಳಿತ ಕಾರಣ ಅಂತ ಮ್ಯಾಲಿನವ್ರು ಕೇಳ್ತಾರ್ರಿ" ಅಂದರು ಹೆಡ್ ಮಾಸ್ತರರು. ಅಧ್ಯಕ್ಷರು ಗಡಿಯಾರ ನೋಡಿದರು. ಚಹಾ ಬಂತು. ಕಂಪೌಂಡ್ ವಿಷಯಕ್ಕೆ ಮಾತು ಹೊರಳಿತು.

ಅರ್ಧ ಬರೆದ ಆ ಸಾಲನ್ನು ಹೆಡ್ ಮಾಸ್ತರರು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಕೇಸು ದಾಖಲಾಗದೆಯೂ ಕಾನೂನು ಅವತ್ತು ಕೆಲಸ ಮಾಡಿತು. ಆದರೆ ತಾನಾಗಿ ಮಾಡಲಿಲ್ಲ. ಹಿಂದೆ ಒಬ್ಬರು ಉಪ್ಪಿನ ನೆಪವನ್ನು ಉಂಡು ತೀರಿಸಿರದಿದ್ದರೆ, ಇನ್ನೊಬ್ಬರು ಪೆನ್ನು ಹಿಡಿದು ಕೇಳಿರದಿದ್ದರೆ, 'ಆಡಳಿತ ಕಾರಣ' ಸಲೀಸಾಗಿ ಪಾಸಾಗುತ್ತಿತ್ತು.

ನಂತರ

ಸಭೆಯ ಮರುದಿನವೇ ಎಲ್ಲರೂ ಬಂದು ಸಾಲಾಗಿ ಕೂತರು ಅಂತ ಬರೆದರೆ ಸುಳ್ಳಾಗುತ್ತದೆ. ನಿಜವಾಗಿ ಅಂಕಿ ಏರಿದ್ದು ಡಿಸೆಂಬರ್, ಜನವರಿಯಲ್ಲಿ, ತೊಗರಿ ರಾಶಿಯ ಹೊತ್ತಿಗೆ. ಮೇಲಿನ ಓಣಿಯಲ್ಲೂ ಬಡವರಿದ್ದಾರೆ. ಕೊಯ್ಲಿಗೆ ನಸುಕಿನಲ್ಲೇ ಹೋಗುವ ತಾಯಂದಿರಿಗೆ ದಿನಾ ಡಬ್ಬಿ ಕಟ್ಟುವುದು ಆಗಲಿಲ್ಲ. ಅವರು ಮಕ್ಕಳಿಗೆ, ಸಾಲಿಯಲ್ಲೇ ಉಣ್ಣು ಅಂದರು. ಅತ್ತೆ, ನೆರೆಯವರು ಕೇಳಿದರೆ ಉತ್ತರ ತಯಾರಿತ್ತು: "ದೊಡ್ಡ ಮನಿ ಸೊಸಿನೇ ಉಣ್ತಾಳ, ನಮ್ದೇನ್ ಬಿಡು."

ಅಂದರೆ ಬಹಿಷ್ಕಾರ ಮುರಿದದ್ದು ಹಸಿವು, ಕೆಲಸದ ಒತ್ತಡ. ಸೊಸೆ ಮಾಡಿದ್ದು ಆ ಮನೆಗಳಿಗೆ ಒಂದು ಮರೆ ಒದಗಿಸಿದ್ದು. ಇದರಿಂದ ಅವರು ಮಾಡಿದ್ದು ಸಣ್ಣದಾಗುವುದಿಲ್ಲ. ಹಸಿವು ಹಿಂದಿನ ತಿಂಗಳುಗಳಲ್ಲೂ ಇತ್ತು, ಮರೆ ಇರಲಿಲ್ಲ. ಕಹಿಯಾದ ಮಾತು ಇನ್ನೊಂದಿದೆ. ಅಕ್ಕ ವರ್ಷಗಟ್ಟಲೆ ಆ ಮಕ್ಕಳ ಅಕ್ಕಿ ತೊಳೆದದ್ದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ದೊಡ್ಡ ಮನೆಯ ಸೊಸೆ ಕೆಲವು ದಿನ ಉಂಡದ್ದು ಬಂತು. ಯಾವ ಮೇಲು ಕೀಳಿನ ವಿರುದ್ಧ ಅವರು ಕೂತರೋ, ಅದೇ ಅವರ ಕೂರುವಿಕೆಗೆ ತೂಕ ಕೊಟ್ಟಿತ್ತು. ಅವರಿಗೂ ಇದು ಗೊತ್ತಿತ್ತು. ಹೊಗಳಲು ಹೋದವರಿಗೆಲ್ಲ, "ನಾ ಉಂಡೀನಿ ಅಷ್ಟೇರಿ, ಅಡಗಿ ಮಾಡ್ದಾಕಿ ಅಕ್ಕ" ಅನ್ನುತ್ತಿದ್ದರು.

ಮಗಳು ಬೇಸಿಗೆ ರಜೆಗೆ ಮೊದಲು ತಾನಾಗಿ ತಟ್ಟೆ ತಗೊಂಡಳು. ಗೆಳತಿಯೊಬ್ಬಳು ಮೊದಲು ತಗೊಂಡಿದ್ದಳು, ಅದಕ್ಕೆ. ಕೆಲವು ಮಕ್ಕಳು ಇಂದಿಗೂ ಡಬ್ಬಿ ತರುತ್ತಾರೆ. ಎರಡು ಮನೆಯವರು ಟಿಸಿ ತಗೊಂಡು ಮಕ್ಕಳನ್ನು ತಾಲೂಕಿನ ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸಿದರು. ಶುಗರ್ ಇದ್ದ ಇಬ್ಬರು ಶಿಕ್ಷಕರಲ್ಲಿ ಒಬ್ಬರಿಗೆ ಶುಗರ್ ಕಮ್ಮಿಯಾಯಿತು. ಅತ್ತೆ ಮಾತ್ರ ಸ್ನಾನದ ನಿಯಮ ಸಡಿಲಿಸಿಲ್ಲ. ಮುಂದಿನ ಸಲ ಎಸ್‌ಡಿಎಂಸಿ ಆಯ್ಕೆಗೆ ಸೊಸೆಯ ಹೆಸರು ಕೇರಿಯವರು ಸೂಚಿಸಿದರು. ಅವರದೇ ಓಣಿಯವರು ಬೇರೆಯವರನ್ನು ಗೆಲ್ಲಿಸಿದರು.

ಈಗ ಉಳಿದಿರುವ ತಕರಾರು ಬೇರೆಯದು. ನಿಯಮದಂತೆ ಮೊದಲ 25 ಮಕ್ಕಳಿಗೆ ಒಬ್ಬರು, 100ರವರೆಗೆ ಇಬ್ಬರು, ಅದರ ಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು ಅಡುಗೆಯವರು ಬೇಕು. 140 ಮಕ್ಕಳಿಗೆ ಮೂವರು. ಅಕ್ಕ ಮೇಲೆ ಹೋದಾಗ ಖಾಲಿಯಾದ ಸಹಾಯಕಿಯ ಜಾಗ ಹಾಗೇ ಇದೆ. ಮೇಲಿನ ಓಣಿಯಿಂದ ಯಾರೂ ಅರ್ಜಿ ಹಾಕಿಲ್ಲ, ಹಾಕಿದರೆ ಅಕ್ಕನ ಕೈಕೆಳಗೆ ಕೆಲಸ ಮಾಡಬೇಕು. ಕೇರಿಯಿಂದ ಬಂದ ಅರ್ಜಿಯನ್ನು ಸಮಿತಿ, ಇಬ್ಬರೂ ಒಂದೇ ಕಡೆಯವರಾದರೆ ಹೇಗೆ ಅಂತ ಮುಂದಕ್ಕೆ ಹಾಕುತ್ತಿದೆ. ಹೆಡ್ ಮಾಸ್ತರರು ಇದಕ್ಕೂ ಕಾರಣ ಬರೆದುಕೊಡಿ ಅಂತ ಕೇಳಿದ್ದಾರೆ. ಅಲ್ಲಿಯವರೆಗೆ ಮೂವರ ಕೆಲಸವನ್ನು ಇಬ್ಬರೇ ಮಾಡುತ್ತಿದ್ದಾರೆ.